ಕ್ಯಾಪ್ಟನ್ ಹಾಸಿಗೆಯಲ್ಲಿ ಒಂದು ಮಧ್ಯಾಹ್ನ

"ಇದಾಲಿನಾ, ಆ ಪುಸ್ತಕ ಮುಚ್ಚಿಡು!" ಎಂದು ತಿಂಡಿಯ ಮೇಜನ್ನು ಗುದ್ದಿ ಘೋಷಿಸಿದೆ. "ಅಮೆರಿಕದ ಇತಿಹಾಸಾನ ಯಾರಾದ್ರೂ ಬಾಯಿಪಾಠ ಮಾಡ್ತಾರಾ? ನಡೆದು ನೋಡ್ಬೇಕು, ನಿಂತು ನೋಡ್ಬೇಕು, ಅದರ ಗಾಳಿ ಕುಡೀಬೇಕು! ಮೂರು ವಾರ ನನ್ನ ಕೈಗೆ ಬಿಟ್ಟುಬಿಡು. ಈ ಮಣ್ಣಲ್ಲಿ ಹುಟ್ಟಿದವನು ನಾನು. ನಾನು ಕಲಿಸ್ತೀನಿ!"

ಗುದ್ದಿದ ರಭಸಕ್ಕೆ ಕಾಫಿ ಲೋಟ ಮಗುಚಿತು. ಪುಸ್ತಕದ ಪುಟದಲ್ಲಿ ಸಾಲಾಗಿ ನಿಂತಿದ್ದ ಹದಿಮೂರು ವಸಾಹತುಗಳಲ್ಲಿ ಐದು ಕಣ್ಣೆದುರಿಗೇ ಮುಳುಗಿಹೋದವು.

ಇದಾಲಿನಾ ಬಟ್ಟೆ ತಂದು ಒರೆಸಿದಳು. "ಮಸಾಚುಸೆಟ್ಸೂ ಹೋಯ್ತು ನೋಡು, ವೆಂಡಲ್. ನಾವಿಬ್ರೂ ಕೂತಿರೋದೇ ಅದರಲ್ಲಿ" ಎಂದಳು.

ನನ್ನ ಹೆಂಡತಿ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಇರುವ ಅಜೋರ್ಸ್ ದ್ವೀಪಗಳವಳು. ಹನ್ನೆರಡು ವರ್ಷಗಳ ಹಿಂದೆ ನಮ್ಮ ಕರಾವಳಿಗೆ ಬಂದು, ಚಿಕ್ಕಮ್ಮನ ಮಗಳ ಬೇಕರಿಯಲ್ಲಿ ಸಿಹಿ ಬ್ರೆಡ್ ಮಾಡುವ ಕೆಲಸಕ್ಕೆ ನಿಂತಳು. ಆ ಬ್ರೆಡ್ಡಿನ ಪರಿಮಳಕ್ಕೆ ನಾನು ದಿನಾ ಹೋದೆ. ಮದುವೆಯಾದ ಮೇಲೆಯೇ ಹೋಗುವುದು ನಿಂತಿದ್ದು. ಈಗ ಅವಳು ಈ ದೇಶದ ಪ್ರಜೆಯಾಗಲು ಅರ್ಜಿ ಹಾಕಿದ್ದಳು. ಇನ್ನು ಮೂರು ವಾರಕ್ಕೆ ಸಂದರ್ಶನ. ಅಧಿಕಾರಿ ಎದುರಿಗೆ ಕೂತು ಇತಿಹಾಸದ ಪ್ರಶ್ನೆ ಕೇಳುತ್ತಾನೆ, ಉತ್ತರ ಗೊತ್ತಿರಬೇಕು. ಅವಳು ಹಿಟ್ಟು ನಾದುವಾಗಲೂ ತುಟಿ ಅಲ್ಲಾಡಿಸುತ್ತ ಅಧ್ಯಕ್ಷರ ಹೆಸರು ಜಪಿಸುತ್ತಿದ್ದಳು. ರಾತ್ರಿ ನಿದ್ದೆಯಲ್ಲಿ "ಸೆನೆಟ್ಟಿಗೆ ನೂರು ಜನ" ಎಂದು ಕನವರಿಸುತ್ತಿದ್ದಳು. ನೋಡಲಾರದೆ ನಾನು ರಂಗಕ್ಕೆ ಇಳಿದೆ.

ನನಗೇನು ಅರ್ಹತೆ ಇರಲಿಲ್ಲವೇ? ಮೂವತ್ತೊಂದು ವರ್ಷ ಹಳದಿ ಶಾಲಾ ಬಸ್ಸು ಓಡಿಸಿದವನು! ಸುತ್ತ ನೂರು ಮೈಲಿಯಲ್ಲಿ ನಾನು ಮಕ್ಕಳನ್ನು ಇಳಿಸದ ವಸ್ತುಸಂಗ್ರಹಾಲಯವಿಲ್ಲ, ಕೋಟೆಯಿಲ್ಲ, ಯುದ್ಧಭೂಮಿಯಿಲ್ಲ.

"ಇಳಿಸಿದ ಮೇಲೆ ನೀನು ಒಳಗೆ ಹೋಗ್ತಿದ್ದೆಯಾ?" ಎಂದಳು ಇದಾಲಿನಾ.

ಕೆಲವು ಪ್ರಶ್ನೆಗಳಿಗೆ ಗಂಡಸು ಕಿಟಕಿಯಾಚೆ ನೋಡುವುದೇ ಲೇಸು. ನಿಜ ಹೇಳಬೇಕೆಂದರೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ಮರದ ನೆರಳಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರೆ, ಮಕ್ಕಳು ಬಂದು ಎಬ್ಬಿಸುವವರೆಗೆ ಸ್ವರ್ಗಸುಖ. ಸ್ವಾತಂತ್ರ್ಯ ಸಂಗ್ರಾಮದ ಅಷ್ಟೂ ರಣರಂಗಗಳ ಮೇಲೆ ನಾನು ಗೊರಕೆ ಹೊಡೆದಿದ್ದೇನೆ. ಆದರೆ ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಬೇಕೇ?

ಮೊದಲ ಶನಿವಾರ ಪಕ್ಕದ ಊರಿನ ಉದ್ಯಾನಕ್ಕೆ ಹೋದೆವು. ಸಮುದ್ರದ ಕಡೆಯಿಂದ ಮಂಜು ಬಂದು ಹುಲ್ಲಿನ ಮೇಲೆ ಹಾಲಿನ ಕೆನೆಯಂತೆ ನಿಂತಿತ್ತು. ಮಂಜಿನೊಳಗಿಂದ ಒಂದು ಹಳೆಯ ಫಿರಂಗಿ ಮೆಲ್ಲಗೆ ಮೂತಿ ಹೊರಹಾಕಿತು. ನೋಡುತ್ತ ನನಗೆ ರೋಮಾಂಚನವಾಯಿತು. ಕೆಂಪು ಕೋಟಿನ ಸಿಪಾಯಿಗಳು ಸಾಲಾಗಿ ಬರುತ್ತಿರುವಂತೆ, ದೂರದಲ್ಲಿ ತಮಟೆ ಕೇಳಿಸಿದಂತೆ...

"ಇದಾಲಿನಾ," ಎಂದೆ ಗದ್ಗದಿತನಾಗಿ, "ಇದೇ ಫಿರಂಗಿ! ಇದರಿಂದಲೇ ನಮ್ಮವರು ಬ್ರಿಟಿಷರನ್ನ ಸಮುದ್ರಕ್ಕೆ ಅಟ್ಟಿದ್ದು! ಇದರ ಒಂದೊಂದು ಗುಂಡಿಗೂ ಒಂದೊಂದು ಹಡಗು ಚೂರಾಗ್ತಿತ್ತು!"

ಅವಳು ಬಗ್ಗಿ, ಫಿರಂಗಿಯ ಕೆಳಗಿನ ಹಿತ್ತಾಳೆ ಫಲಕದ ಮೇಲಿನ ಇಬ್ಬನಿಯನ್ನು ಬೆರಳಿನಿಂದ ಒರೆಸಿ ಓದಿದಳು. "ಉದ್ಯಾನದ ಅಲಂಕಾರಕ್ಕಾಗಿ ಗುಜರಿಯಿಂದ ಕೊಂಡು ತಂದದ್ದು. ಎಂದೂ ಹಾರಿಸಿಲ್ಲ, ಅಂತ ಬರೆದಿದಾರೆ."

"ಹಾರಿಸೋ ಅಗತ್ಯಾನೇ ಬರಲಿಲ್ಲ! ನೋಡಿಯೇ ಓಡಿಹೋದ್ರು!"

"ಎಲ್ಲಿಗೆ? ಗುಜರಿಗಾ?"

ನಾನು ಹುಲ್ಲಿನ ಮೇಲೆ ಕೂತೆ. ಆಮೇಲೆ ಒರಗಿದೆ. ಆಮೇಲೆ ಅವಳು ಉದ್ಯಾನದಲ್ಲಿದ್ದ ಇಪ್ಪತ್ತಮೂರು ಕಲ್ಲುಗಳನ್ನೂ ಓದಿ ಬಂದು ನನ್ನ ಎಬ್ಬಿಸಿದಳು.

ಎರಡನೆಯ ಶನಿವಾರ ತಿಮಿಂಗಿಲ ಬೇಟೆಯ ಸಂಗ್ರಹಾಲಯ. ಚಾವಣಿಯಿಂದ ಒಂದು ಅಖಂಡ ತಿಮಿಂಗಿಲದ ಅಸ್ಥಿಪಂಜರ ತೂಗುಬಿಟ್ಟಿದ್ದರು. ಅದರ ಪಕ್ಕೆಲುಬುಗಳ ನಡುವೆ ಬಿಸಿಲು ಸೋಸಿ ಬೀಳುತ್ತಿತ್ತು. ಕೆಳಗೆ ಒಂದು ಬೆಂಚು. ಇಂಥ ಜಾಗದಲ್ಲಿ ಬೆಂಚು ಹಾಕಿದವರದ್ದೇ ತಪ್ಪು. ನಾನು ತಲೆಯೆತ್ತಿ ಕೂತಿದ್ದೆ ಅಷ್ಟೆ. ಆ ಎಲುಬುಗಳು ನಿಧಾನವಾಗಿ ಉಸಿರಾಡತೊಡಗಿದವು. ಚಾವಣಿ ನೀಲಿಯಾಯಿತು. ತಿಮಿಂಗಿಲ ಒಂದು ಸುತ್ತು ಈಜಿ ಬಂದು ನನ್ನ ಪಕ್ಕ ನಿಂತು, "ಬಾಗಿಲು ತೆಗೀರಿ, ವೆಂಡಲ್ ಅಂಕಲ್, ನನ್ನ ಊಟದ ಡಬ್ಬಿ ಬಸ್ಸಲ್ಲೇ ಉಳೀತು" ಎಂದಿತು.

ಕಾವಲುಗಾರ ಭುಜ ಅಲ್ಲಾಡಿಸಿದಾಗ ನಾನು "ಡಬ್ಬಿ ಸೀಟಿನ ಕೆಳಗಿರುತ್ತೆ ನೋಡು" ಎಂದು ಗಟ್ಟಿಯಾಗಿ ಹೇಳಿದೆನಂತೆ. ಇದಾಲಿನಾ ದೂರದ ಗಾಜಿನ ಪೆಟ್ಟಿಗೆಯೊಂದನ್ನು ಅತಿ ಶ್ರದ್ಧೆಯಿಂದ ನೋಡುತ್ತಿದ್ದಳು. ನಾನು ಯಾರೋ ಅವಳು ಯಾರೋ!

ಇನ್ನು ಮೂರನೆಯ ಶನಿವಾರದ ಕಥೆ. ಸಂದರ್ಶನಕ್ಕೆ ಉಳಿದಿದ್ದು ಐದು ದಿನ.

ಪೆಕಾಮ್ ಬಂದರಿನಲ್ಲಿ ಕ್ಯಾಪ್ಟನ್ ಥ್ರೇಲ್ ಎಂಬಾತನ ಇನ್ನೂರು ವರ್ಷದ ಮನೆಯಿದೆ. ಆತ ತಿಮಿಂಗಿಲ ಬೇಟೆಯ ಹಡಗಿನ ಯಜಮಾನ. ಈಗ ಅದನ್ನು ಅವನಿದ್ದಾಗ ಇದ್ದ ಹಾಗೆಯೇ ಕಾಪಾಡಿ, ಟಿಕೆಟ್ಟಿಟ್ಟು ತೋರಿಸುತ್ತಾರೆ. ಬಾಗಿಲಲ್ಲೇ ದೊಡ್ಡ ಫಲಕ: "ವಸ್ತುಗಳನ್ನು ಮುಟ್ಟಿದವರನ್ನು ಪೊಲೀಸರಿಗೆ ಒಪ್ಪಿಸಲಾಗುವುದು."

ಜೂನ್ ತಿಂಗಳ ಸೆಖೆ. ಮೇಲಾಗಿ ನಾನು ಗತ್ತಿಗೆಂದು ಹೊಸ ಬೂಟು ಹಾಕಿಕೊಂಡಿದ್ದೆ. ಅದು ಎಡಗಾಲಿನ ಕಿರುಬೆರಳನ್ನು ಕಚ್ಚಿ ತಿನ್ನುತ್ತಿತ್ತು. ಮಹಡಿಯ ಕೋಣೆಗಳನ್ನು ನೋಡುತ್ತ ಬರುವಾಗ ಇದಾಲಿನಾ ಒಂದು ಚಿಕ್ಕ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಯಾವುದೋ ಹಳೆಯ ಕಾಗದದ ಮುಂದೆ ನಿಂತುಬಿಟ್ಟಳು. "ನೀನು ಹೋಗ್ತಿರು, ಬಂದೆ" ಎಂದಳು.

ನಾನು ಹೋದೆ. ಹೋದದ್ದು ಕ್ಯಾಪ್ಟನ್ನನ ಮಲಗುವ ಕೋಣೆಗೆ.

ಆಹಾ, ಏನು ಕೋಣೆ! ಸಮುದ್ರಕ್ಕೆ ತೆರೆದ ಎರಡು ಕಿಟಕಿ. ತೆಳು ಪರದೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಹಡಗಿನ ಹಾಯಿಯ ಹಾಗೆ. ಮೂಲೆಯಲ್ಲಿ ಎತ್ತರದ ಗಡಿಯಾರ ಆತುರವೇ ಇಲ್ಲದೆ ಟಿಕ್ಕೆನ್ನುತ್ತಿತ್ತು. ಒಂದು ಟಿಕ್ಕಿಗೂ ಮುಂದಿನದಕ್ಕೂ ನಡುವೆ ಒಬ್ಬ ಮನುಷ್ಯ ತನ್ನ ಬಾಲ್ಯವನ್ನೆಲ್ಲ ನೆನೆಸಿಕೊಳ್ಳಬಹುದಿತ್ತು. ಎಲ್ಲೋ ಒಂದು ದುಂಬಿ. ನಡುವೆ, ಒಂದು ಹಗ್ಗದ ಆಚೆ, ನೀಲಿ ಮೇಲ್ಕಟ್ಟಿನ ಮಂಚ.

ನಾನು ಮಲಗಲು ಹೋಗಲಿಲ್ಲ, ದೇವರಾಣೆ! ಬೂಟಿನ ದಾರ ಸಡಿಲಿಸಲು ಕೂರಬೇಕಿತ್ತು. ಕೋಣೆಯಲ್ಲಿ ಕುರ್ಚಿಯಿರಲಿಲ್ಲ. ಹಗ್ಗ ದಾಟಿ ಮಂಚದ ಅಂಚಿನಲ್ಲಿ ಕೂತೆ. ಬೂಟು ಕಳಚಿದೆ. ಅದು ಗರಿಯ ಹಾಸಿಗೆ. ಅಂಚು ಎಂಬುದೇ ಅದಕ್ಕಿಲ್ಲ. ಕೂತವನನ್ನು ಮೆಲ್ಲಗೆ ನುಂಗಿಕೊಂಡಿತು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯಿತು. ಮಂಚದ ಪಕ್ಕ ಕೈಗೆ ಸಿಕ್ಕಿದ್ದು ಬಿಳಿಯ ಹೆಣಿಗೆಯ, ದುಂಡನೆಯ ಒಂದು ಟೋಪಿ. ಕ್ಯಾಪ್ಟನ್ನನ ರಾತ್ರಿ ಟೋಪಿ ಇರಬೇಕೆಂದುಕೊಂಡು ತಲೆಗೇರಿಸಿ ಹುಬ್ಬಿನವರೆಗೆ ಎಳೆದೆ. ಒಂದೇ ಒಂದು ನಿಮಿಷ...

ಮನೆ ಕಂಬದಿಂದ ಹಗ್ಗ ಬಿಚ್ಚಿಕೊಂಡು ಸಮುದ್ರಕ್ಕೆ ಇಳಿಯಿತು. ನಾನು ಚುಕ್ಕಾಣಿ ಹಿಡಿದಿದ್ದೆ. ಎರಡೂ ಬದಿಗೆ ಬೆಳ್ಳಿ ಬಣ್ಣದ ನೀರು. ದ್ವೀಪಗಳು ಒಂದೊಂದಾಗಿ ಬಂದು, ಒಲೆಯಿಂದ ಈಗಷ್ಟೇ ತೆಗೆದ ಬ್ರೆಡ್ಡಿನ ಹಾಗೆ ಹೊಂಬಣ್ಣವಾಗಿ, ಆವಿಯಾಡುತ್ತ ಹಿಂದೆ ಸರಿಯುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ನಾನು ಇಳಿಸಿದ ಅಷ್ಟೂ ಮಕ್ಕಳು ದಡದಲ್ಲಿ ನಿಂತು ಕೈಬೀಸುತ್ತಿದ್ದರು. ಯಾರಿಗೂ ತಡವಾಗಿರಲಿಲ್ಲ. ಯಾರೂ ಅಳುತ್ತಿರಲಿಲ್ಲ.

"ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದಾರೆ ನೋಡ್ರೇ ಈ ಮೇಣದ ಬೊಂಬೆ!"

"ಹೊಟ್ಟೆ ಮೇಲೆ ಕೆಳಗೆ ಆಡ್ತಿದೆ ಕಣೇ! ಒಳಗೆ ಮೋಟಾರ್ ಇಟ್ಟಿರ್ಬೇಕು."

"ಗೊರಕೆ ಸಮೇತ! ಟಿಕೆಟ್ ದುಡ್ಡಿಗೆ ಮೋಸ ಇಲ್ಲ ಬಿಡು."

ದ್ವೀಪಗಳಲ್ಲಿ ಇಷ್ಟು ಜನ ಹೆಂಗಸರು ಎಲ್ಲಿಂದ ಬಂದರು? ಕಣ್ಣು ತೆರೆದೆ. ಹಗ್ಗದಾಚೆ ಇಪ್ಪತ್ತು ಮಂದಿ ವಯಸ್ಸಾದ ಹೆಂಗಸರು, ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಹುಲ್ಲಿನ ಟೋಪಿ, ಎದೆಯ ಮೇಲೆ "ಓಹಾಯೊ ಗುಲಾಬಿ ಬೆಳೆಗಾರ್ತಿಯರ ಸಂಘ" ಎಂಬ ಚೀಟಿ. ಮುಂದೆ ಕೊರಳಿಗೆ ಬೋ ಟೈ ಕಟ್ಟಿದ ಒಬ್ಬ ಸಣಕಲು ಮಾರ್ಗದರ್ಶಿ, ಬಾಯಿ ತೆರೆದುಕೊಂಡು.

ನಾನು ಎದ್ದು ಕೂತೆ. ಇಪ್ಪತ್ತು ಬಾಯಿಂದ ಒಂದೇ ಕಿರುಚು!

ಮಾರ್ಗದರ್ಶಿಯ ಹೆಸರು ಗ್ಯಾಂಟ್ ಎಂದು ಆಮೇಲೆ ತಿಳಿಯಿತು. ಆತ ಪಾಪ, ಒಂದು ಕ್ಷಣ ಯೋಚಿಸಿ, ಮೇಲಿನವರು ತನಗೆ ಹೇಳದೆ ಒಬ್ಬ ವೇಷಧಾರಿಯನ್ನು ನೇಮಿಸಿದ್ದಾರೆಂದು ತೀರ್ಮಾನಿಸಿಬಿಟ್ಟ. ಮುಖದಲ್ಲಿ ನಗು ತಂದುಕೊಂಡು, "ಮಹಿಳೆಯರೇ! ಸ್ವತಃ ಕ್ಯಾಪ್ಟನ್ ಥ್ರೇಲ್ ಅವರೇ ಎಚ್ಚರವಾಗಿದಾರೆ! ಏನು ಕೇಳೋದಿದ್ರೂ ಅವರನ್ನೇ ಕೇಳಿ!" ಎಂದ.

ನಿಜ ಹೇಳಿಬಿಡಬಹುದಿತ್ತು. ಆದರೆ ಕಣ್ಮುಂದೆ ಬಾಗಿಲ ಫಲಕ ಬಂತು. ಪೊಲೀಸ್! ಇನ್ನು ಐದು ದಿನಕ್ಕೆ ಇದಾಲಿನಾಳ ಸಂದರ್ಶನ. "ನಿಮ್ಮ ಯಜಮಾನರು ಎಲ್ಲಿದಾರೆ?" ಎಂದು ಅಧಿಕಾರಿ ಕೇಳುತ್ತಾನೆ. "ಐತಿಹಾಸಿಕ ಹಾಸಿಗೆಗೆ ಅತಿಕ್ರಮ ಪ್ರವೇಶ ಮಾಡಿ ಒಳಗಿದಾರೆ" ಎನ್ನಬೇಕೇ ಅವಳು? ಹನ್ನೆರಡು ವರ್ಷದ ಅವಳ ಕನಸು ನನ್ನ ಒಂದು ಕಿರುಬೆರಳಿನಿಂದ ಮಣ್ಣುಪಾಲಾಗಬೇಕೇ? ನಾನು ಎದೆಯುಬ್ಬಿಸಿದೆ. ಕ್ಯಾಪ್ಟನ್ ಆದೆ.

"ಕ್ಯಾಪ್ಟನ್ ಸಾಹೇಬ್ರೇ, ಒಂದು ಸಲ ಹೋದ್ರೆ ಎಷ್ಟು ಹಿಡೀತಿದ್ರಿ?" ಎಂದಳೊಬ್ಬಳು.

"ಬೆಳಿಗ್ಗೆ ನಲವತ್ತೆಂಟು, ಸಂಜೆ ನಲವತ್ತೆಂಟು" ಎಂದೆ. ಮೂವತ್ತೊಂದು ವರ್ಷ ಹೇಳಿದ ಲೆಕ್ಕ, ಬಾಯಿಗೆ ಅದೇ ಬಂತು. "ಒಂದೂ ಕಳೆದಿಲ್ಲ. ಹೊರಡೋ ಮುಂಚೆ ತಲೆ ಎಣಿಸ್ತಿದ್ದೆ."

"ತಿಮಿಂಗಿಲದ ತಲೆನಾ!"

"ಮತ್ತೆ? ಕಿಟಕಿಯಿಂದ ಕೈ ಹೊರಗೆ ಹಾಕಬೇಡಿ ಅಂತಾನೂ ಹೇಳ್ತಿದ್ದೆ."

ಗ್ಯಾಂಟನ ಬೋ ಒಂದು ಕಡೆಗೆ ವಾಲಿತು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೊಬ್ಬಳು ಕಣ್ಣೊರೆಸಿಕೊಂಡು ಕೇಳಿದಳು: "ಪಾಪ, ಮೂರು ನಾಲ್ಕು ವರ್ಷ ಸಮುದ್ರದಲ್ಲೇ ಇರ್ತಿದ್ರಲ್ಲ, ನಿಮ್ಮ ಹೆಂಡ್ತಿ ಹೇಗೆ ಕಾಯ್ತಿದ್ರು?"

"ಯಾವ ನಾಲ್ಕು ವರ್ಷ? ದಿನಾ ನಾಲ್ಕೂವರೆಗೆ ಮನೇಲಿರ್ತಿದ್ದೆ. ಶನಿವಾರ, ಭಾನುವಾರ ರಜ. ಮಂಜು ಬಿದ್ರೆ ಪೂರ್ತಿ ರಜ!"

"ಯಾವ ಸಮುದ್ರದ ಕಡೆ ಹೋಗ್ತಿದ್ರಿ ಹಾಗಾದ್ರೆ?"

"ಆರನೇ ನಂಬರ್ ರಸ್ತೆ" ಎಂದುಬಿಟ್ಟೆ.

ಆಗ, ಹುಲ್ಲಿನ ಟೋಪಿಗಳ ಹಿಂದೆ, ಟೋಪಿಯಿಲ್ಲದ ಒಂದು ತಲೆ ಕಂಡಿತು. ಇದಾಲಿನಾ! ನಾನು ಹುಬ್ಬಿನಿಂದ, ಮೂಗಿನಿಂದ, ಕಿವಿಯಿಂದ ಸನ್ನೆ ಮಾಡಿದೆ: ಕಾಪಾಡು, ಅಥವಾ ಪರಿಚಯವಿಲ್ಲದವಳಂತೆ ಹೊರಟುಹೋಗು! ಅವಳು ಕಾಪಾಡಲೂ ಇಲ್ಲ, ಹೋಗಲೂ ಇಲ್ಲ. ಮೆಲ್ಲಗೆ ಕೈಯೆತ್ತಿದಳು.

"ಕ್ಯಾಪ್ಟನ್, ನಂದೂ ಒಂದು ಪ್ರಶ್ನೆ."

"ಕೇಳಿ ತಾಯಿ" ಎಂದೆ, ಜೀವ ಬಾಯಿಗೆ ಬಂದು.

"ಆ ಕೋಣೇಲಿ ನಿಮ್ಮ ಹಡಗಿನ ಕೆಲಸಗಾರರ ಪಟ್ಟಿ ತೂಗುಹಾಕಿದಾರೆ. ಮೂವತ್ತು ಹೆಸರು. ಎಲ್ಲರಿಗೂ ಊರು, ಮನೆತನ ಎಲ್ಲ ಇದೆ. ಕೊನೇಲಿ ಹನ್ನೊಂದು ಜನಕ್ಕೆ ಮಾತ್ರ 'ಜೋ, ದ್ವೀಪದವನು', 'ಇನ್ನೊಬ್ಬ ಜೋ, ದ್ವೀಪದವನು' ಅಂತ ಬರೆದಿದೀರಿ. ಅವರ ನಿಜವಾದ ಹೆಸರು ಏನು?"

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನನ್ನ ಕ್ಯಾಪ್ಟನ್‌ಗಿರಿ ಅಲ್ಲಿಗೇ ಇಳಿದುಹೋಯಿತು. "ಗೊತ್ತಿಲ್ಲ" ಎಂದೆ. ಆ ಮಧ್ಯಾಹ್ನ ನಾನಾಡಿದ ಮೊದಲ ನಿಜ ಅದು.

"ನಮ್ಮ ಮುತ್ತಜ್ಜನ ಅಪ್ಪ ಜೆರೋನಿಮು ಹದಿನೇಳನೇ ವಯಸ್ಸಲ್ಲಿ ಈರುಳ್ಳಿ ಮಾರ್ತೀನಿ ಅಂತ, ನಮ್ಮ ಅಜೋರ್ಸ್ ದ್ವೀಪಕ್ಕೆ ಬಂದ ಅಮೆರಿಕದ ತಿಮಿಂಗಿಲ ಬೇಟೆ ಹಡಗು ಹತ್ತಿದನಂತೆ. ಬುಟ್ಟಿ ಮಾತ್ರ ದಡಕ್ಕೆ ವಾಪಸ್ ಬಂತು" ಎಂದಳು ಇದಾಲಿನಾ. ಹೆಂಗಸರು ಈಗ ಮಂಚಕ್ಕೆ ಬೆನ್ನು ಹಾಕಿ ಅವಳ ಕಡೆ ತಿರುಗಿದ್ದರು. "ಒಂಬತ್ತು ವರ್ಷ ಆದ್ಮೇಲೆ ಬಂದ. ಆಗ ಅವನನ್ನ ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಿರಲಿಲ್ಲವಂತೆ. 'ಜೋ' ಅಂದ್ರೆ ಮಾತ್ರ ತಿರುಗ್ತಿದ್ದನಂತೆ. ಅವನ ಅಮ್ಮ ಸಾಯೋವರೆಗೂ ಆ ಹೆಸರಿಂದ ಕರೀಲಿಲ್ಲ. ಪಟ್ಟೀಲಿ ಇರೋ ಜೋ ನಮ್ಮಜ್ಜನೇ ಅಂತ ಹೇಳೋಕಾಗಲ್ಲ. ಯಾರದೋ ಅಜ್ಜ ಅಂತೂ ಹೌದು. ಅದಕ್ಕೆ ಹನ್ನೊಂದೂ ಸಾಲು ಓದ್ಕೊಂಡು ನಿಂತಿದ್ದೆ. ತಡವಾಯ್ತು."

ಪರದೆ ಉಬ್ಬಿತು, ಕುಗ್ಗಿತು. ಕಿಟಕಿಯಾಚೆ, ಅವಳ ದ್ವೀಪಗಳಿರುವ ಕಡೆಯಲ್ಲಿ, ಸಮುದ್ರ ಹೊಗೆಯಂತೆ ನೀಲಿಯಾಗಿ ಮಲಗಿತ್ತು. ಗುಲಾಬಿ ಬೆಳೆಗಾರ್ತಿಯರಲ್ಲಿ ಇಬ್ಬರು ಮೂಗು ಒರೆಸಿಕೊಂಡರು. ಏಳು ವರ್ಷ ಸಂಸಾರ ಮಾಡಿದ್ದೇನೆ. ಜೆರೋನಿಮುವಿನ ಹೆಸರನ್ನು ಅವಳು ಎಂದಾದರೂ ಹೇಳಿದ್ದಳೇ? ಹೇಳಿದ್ದಿರಬೇಕು. ನಾನು ಮಲಗಿದ್ದಿರಬೇಕು.

"ಇಲ್ಲೇನು ನಡೀತಿದೆ?" ಎಂಬ ದನಿ ಬಾಗಿಲಿನಿಂದ ಬಂತು. ಬೆಳ್ಳಿ ಕೂದಲಿನ, ಬೆತ್ತದಷ್ಟು ನೆಟ್ಟಗಿನ ಮುದುಕಿ. ಆ ಮನೆಯ ಮೇಲ್ವಿಚಾರಕಿ ಟ್ರೈಫೀನಾ ಲೋರಿಂಗ್.

ಗ್ಯಾಂಟ್ ಹಲ್ಲು ಕಿರಿದ. "ಮೇಡಂ, ನೀವು ನೇಮಿಸಿದ ಕ್ಯಾಪ್ಟನ್..."

"ನಾನು ಯಾವ ಕ್ಯಾಪ್ಟನ್ನನ್ನೂ ನೇಮಿಸಿಲ್ಲ" ಎಂದು ಆಕೆ ನನ್ನ ಹತ್ತಿರ ಬಂದರು. ನಾನು ಕಣ್ಣು ಮುಚ್ಚಿ ಪೊಲೀಸರಿಗಾಗಿ ಕಾದೆ. "ನೀವು ಯಾರು ಅಂತ ಆಮೇಲೆ ಕೇಳ್ತೀನಿ. ಮೊದಲು ತಲೆ ಮೇಲಿರೋದನ್ನ ತೆಗೀರಿ."

"ಕ್ಷಮಿಸಿ ಮೇಡಂ. ಕ್ಯಾಪ್ಟನ್ನರ ಟೋಪಿ ಅಂತ ಗೊತ್ತಿದ್ದೂ..."

"ಅದು ಟೋಪಿ ಅಲ್ಲ. ಮಂಚದ ಕೆಳಗೆ ಪಿಂಗಾಣಿ ಪಾತ್ರೆ ಇದೆಯಲ್ಲ, ಅದರ ಮುಚ್ಚಳದ ಗವಸು. ರಾತ್ರಿ ಹೊತ್ತು ಮೂತ್ರಕ್ಕೆ ಎದ್ದಾಗ ಮುಚ್ಚಳದ ಸದ್ದಾಗ್ಬಾರದು ಅಂತ ಹಾಕ್ತಿದ್ರು."

ಇಪ್ಪತ್ತು ಹುಲ್ಲಿನ ಟೋಪಿಗಳು ಗಾಳಿಗೆ ಸಿಕ್ಕ ತೋಟದಂತೆ ಅಲುಗಾಡಿದವು. ಇನ್ನೂರು ವರ್ಷದ ಹಿಂದೆ ಸದ್ದಡಗಿಸಲೆಂದು ಹೆಣೆದ ವಸ್ತು, ಈ ಸದ್ದನ್ನು ಅಡಗಿಸಲಾರದೆ ಹೋಯಿತು!

ಇದಾಲಿನಾ ಹಗ್ಗದ ಬಳಿ ಬಂದಳು. "ಇವರು ನನ್ನ ಗಂಡ, ಮೇಡಂ" ಎಂದಳು. ಒಪ್ಪಿಕೊಳ್ಳುವ ಅಗತ್ಯವಿರಲಿಲ್ಲ. ಆದರೂ ಒಪ್ಪಿಕೊಂಡಳು. "ನನಗೆ ಅಮೆರಿಕದ ಇತಿಹಾಸ ಕಲಿಸೋಕೆ ಕರ್ಕೊಂಡು ಬಂದಿದಾರೆ. ದಂಡ ಎಷ್ಟು ಅಂತ ಹೇಳಿ, ಕಟ್ತೀನಿ. ದಯವಿಟ್ಟು ಪೊಲೀಸ್ ಮಾತ್ರ ಬೇಡ. ಗುರುವಾರ ನನ್ನ ಸಂದರ್ಶನ ಇದೆ."

ಲೋರಿಂಗ್ ಮೇಡಂ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಆ ಪಟ್ಟಿ ಅಲ್ಲಿ ತೂಗುಹಾಕಿ ನಲವತ್ತು ವರ್ಷ ಆಯ್ತು" ಎಂದರು ಕೊನೆಗೆ. "ಇವತ್ತಿನವರೆಗೂ ಒಬ್ರೂ ಕೊನೇ ಸಾಲಿನವರೆಗೆ ಓದಿರಲಿಲ್ಲ. ದಂಡ ಬೇಡ. ನಿಮ್ಮ ಯಜಮಾನ್ರು ಆ ಹಾಸಿಗೆ ಸರಿಮಾಡಲಿ. ಮೂರು ತಲೆಮಾರಿನ ಬಾತುಕೋಳಿ ಗರಿ ಅದು, ಒಂದೂ ಗಂಟು ಇರ್ಬಾರದು. ಅಲ್ಲಿವರೆಗೆ ನೀವು ನನ್ನ ಜೊತೆ ಕೆಳಗೆ ಬಂದು, ಆ ಜೋಗಳ ವಿಷಯ ಇನ್ನೊಂದಿಷ್ಟು ಹೇಳ್ತೀರಾ?"

ಎಲ್ಲರೂ ಇಳಿದುಹೋದರು. ನಾನೊಬ್ಬನೇ ಒಂದು ಕಾಲಿಗೆ ಬೂಟು ಹಾಕಿಕೊಂಡು ಎರಡು ಗಂಟೆ ಗರಿ ತಟ್ಟಿದೆ. ಕೆಳಗಿನಿಂದ ಇದಾಲಿನಾಳ ದನಿ, ನಡುನಡುವೆ ನಗು, ಚಹಾ ಬಟ್ಟಲಿನ ಸದ್ದು ಮೇಲೇರಿ ಬರುತ್ತಿತ್ತು. ಹಾಸಿಗೆ ಮತ್ತೆ ಮೋಡದಂತೆ ಉಬ್ಬಿ ನನ್ನ ಕರೆಯಿತು. ನಾನು ಹೋಗಲಿಲ್ಲ. ಕಿಟಕಿಯ ಬಳಿ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ಒಂದು ಐತಿಹಾಸಿಕ ಸ್ಥಳದಲ್ಲಿ ಎಚ್ಚರವಾಗಿದ್ದೆ.

ಗುರುವಾರಕ್ಕೆ ಮುಂಚೆ ಲೋರಿಂಗ್ ಮೇಡಂ ಒಂದು ಕಾಗದ ಕಳಿಸಿದರು. ಓಹಾಯೊದ ಹೆಂಗಸರು ಹೋಟೆಲಿನಿಂದಲೇ ಬರೆದ ಅಭಿಪ್ರಾಯ ಅದು. ಇದಾಲಿನಾ ಗಟ್ಟಿಯಾಗಿ ಓದಿದಳು: "ದ್ವೀಪದ ಮಹಿಳೆ ಹೇಳಿದ್ದು ನಮ್ಮ ಮನಸ್ಸಿನಲ್ಲಿ ಸದಾ ಇರುತ್ತದೆ. ಕ್ಯಾಪ್ಟನ್ ಪಾತ್ರಧಾರಿ ಮಾತ್ರ ಮಲಗಿದ್ದಷ್ಟು ಹೊತ್ತು ಬಹಳ ಸಹಜವಾಗಿದ್ದರು."

ಗುರುವಾರ ಬಂತು. ಅವಳು ಒಳಗೆ ಹೋದಳು. ನಾನು ಹೊರಗಿನ ಬೆಂಚಿನಲ್ಲಿ ಕೂತು, ನನ್ನ ಉಗುರೆಲ್ಲ ಕಚ್ಚಿ ಮುಗಿಸಿ, ಪಕ್ಕದವನ ಉಗುರಿನ ಮೇಲೆ ಕಣ್ಣು ಹಾಕುವ ಹೊತ್ತಿಗೆ ಬಾಗಿಲು ತೆರೆಯಿತು. ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಪಾಸು! ಕೇಳಿದ ಒಂದು ಪ್ರಶ್ನೆಯೂ ತಪ್ಪಿರಲಿಲ್ಲವಂತೆ. ನಾನು ಅಲ್ಲೇ ಅವಳನ್ನು ಎತ್ತಿ ತಿರುಗಿಸಲು ಹೋಗಿ, ಸೊಂಟ ಒಪ್ಪದೆ, ಬರೀ ತಬ್ಬಿಕೊಂಡೆ.

"ಅಧಿಕಾರಿಗೇ ಆಶ್ಚರ್ಯ ಆಯ್ತು" ಎಂದಳು ಕಾರಿನಲ್ಲಿ. "ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ರು ಅಂತ ಕೇಳಿದ್ರು. ನನ್ನ ಗಂಡ ಅಂದೆ."

ನನ್ನ ಎದೆ ಕ್ಯಾಪ್ಟನ್ನನ ಹಾಯಿಯಂತೆ ಉಬ್ಬಿತು. "ನಿಜವಾಗ್ಲೂ ಹಾಗಂದೆಯಾ?"

"ನಿಜಾನೇ ಅಲ್ವಾ?" ಎಂದಳು ಇದಾಲಿನಾ, ನನ್ನ ಕೈ ಅದುಮಿ. "ನೀನು ಅಷ್ಟೊಂದು ಖಡಾಖಂಡಿತವಾಗಿ ಒಂದೊಂದು ಹೇಳಿದಾಗ್ಲೂ, ಇದಂತೂ ಆಗಿರಲಿಕ್ಕೆ ಸಾಧ್ಯಾನೇ ಇಲ್ಲ ಅಂತ ಮನೆಗೆ ಬಂದು ಪುಸ್ತಕ ತೆಗೀತಿದ್ದೆ. ನೀನು ಬಾಯಿ ಮುಚ್ಕೊಂಡಿದ್ರೆ ನಾನು ಅರ್ಧಾನೂ ಓದ್ತಿರಲಿಲ್ಲ!"